ಮಹಡಿ ಕೋಣೆಗೆ ಯಾವ ಬಣ್ಣ

ಜನವರಿ 14

ಹೂಂಗುಟ್ಟಪ್ಪನವರಿಗೆ,

ದೋಣಿ ಹತ್ತಿ ಇವತ್ತಿಗೆ ಹನ್ನೆರಡು ದಿನ. ಇಲ್ಲಿಂದ ದಡ ಕಾಣುವುದಿಲ್ಲ. ಸಿಗ್ನಲ್ ಇಲ್ಲದ ಫೋನು ಜೇಬಿನಲ್ಲಿ ಬರೀ ಗಡಿಯಾರವಾಗಿದೆ. ಎರಡು ವಾರಕ್ಕೊಮ್ಮೆ ಸಾಮಾನು ದೋಣಿ ಬಂದು ತರಕಾರಿ, ಮೊಟ್ಟೆ, ಟಪಾಲು ಎಲ್ಲವನ್ನೂ ಒಂದೇ ಬುಟ್ಟಿಯಲ್ಲಿ ಮೇಲಕ್ಕೆ ಕಳಿಸುತ್ತದೆ. ನಿನ್ನ ಕಾಗದಕ್ಕೆ ಈರುಳ್ಳಿ ವಾಸನೆ ಹಿಡಿದರೂ ನಾನು ಬೇಜಾರು ಮಾಡಿಕೊಳ್ಳುವುದಿಲ್ಲ, ಬಂದರೆ ಸಾಕು.

ಕಾಗದ ಬರೆಯೋಣ ಎಂದಾಗ ನಿಮ್ಮ ಅಕ್ಕ ನಕ್ಕಿದ್ದರು. ನನಗೆ ಮಾತ್ರ ಇದರಿಂದ ಲಾಭವೇ. ನಾಲ್ಕು ವರ್ಷದಿಂದ ಜೊತೆಯಲ್ಲಿದ್ದೇವೆ. ಫೋನಿನಲ್ಲಿ ನೀನು ‘ಹೂಂ’, ‘ಸರಿ’, ‘ನೋಡೋಣ’ ಬಿಟ್ಟು ನಾಲ್ಕನೆಯ ಮಾತು ಆಡಿದ್ದನ್ನು ನಾನು ಕೇಳಿಲ್ಲ. ಬರೀ ಹೂಂ ಎಂದು ಬರೆದು ಅಂಚೆಗೆ ಹಾಕಲು ನಿನಗೂ ನಾಚಿಕೆಯಾದೀತು.

ಸಮುದ್ರದ ತಳ ಎಲ್ಲಿ ಎಷ್ಟು ಆಳದಲ್ಲಿದೆ ಎಂದು ಅಳೆಯುವುದು ಕೆಲಸ. ದೋಣಿ ಹೊಲ ಉತ್ತ ಹಾಗೆ ನೇರ ಹೋಗುತ್ತದೆ, ತಿರುಗುತ್ತದೆ, ಪಕ್ಕದ ಸಾಲಿನಲ್ಲಿ ವಾಪಸ್ ಬರುತ್ತದೆ. ಕೆಳಗಿನ ಯಂತ್ರ ನೀರಿಗೆ ಸದ್ದು ಬಿಡುತ್ತದೆ. ಅದು ತಳಕ್ಕೆ ತಾಗಿ ವಾಪಸ್ ಬರಲು ಎಷ್ಟು ಹೊತ್ತು ಹಿಡಿಯಿತು ಎಂದು ನಾನು ಪರದೆಯ ಮುಂದೆ ಕೂತು ನೋಡುತ್ತೇನೆ. ಮೊದಲ ಮೂರು ದಿನ ಹೊಟ್ಟೆಯಲ್ಲಿ ಒಂದು ತುತ್ತೂ ನಿಲ್ಲಲಿಲ್ಲ. ನಮ್ಮ ಎಂಜಿನಿಯರ್ ಕಿಟಕಿ ಪಕ್ಕದ ತಮ್ಮ ಹಾಸಿಗೆಯನ್ನೇ ನನಗೆ ಬಿಟ್ಟುಕೊಟ್ಟರು. ಕೈತುಂಬ ಗ್ರೀಸು, ಬಾಯಿತುಂಬ ಹಾಡು ಅವರದು. ಈಗ ನಾನು ಅಲುಗಾಡುವ ಮೇಜಿನ ಮೇಲೆ ತಟ್ಟೆ ಹಿಡಿದುಕೊಳ್ಳದೆ ಊಟ ಮಾಡುತ್ತೇನೆ.

ಈ ಒಂದು ವರ್ಷ ಮುಗಿದ ಮೇಲೆ ಏನು ಎಂದು ಬಂದರಿನಲ್ಲಿ ನಿನ್ನನ್ನು ಕೇಳಿದ್ದೆ. ನೀನು ನನ್ನ ಚೀಲದ ಜಿಪ್ಪು ಸರಿಮಾಡಿಕೊಟ್ಟೆ. ಜಿಪ್ಪು ಈಗ ಚೆನ್ನಾಗಿದೆ. ಪ್ರಶ್ನೆಗೆ ಉತ್ತರ ಕಾಗದದಲ್ಲಿ ಬರೆಯಬಹುದು.

ನಿನ್ನ
ದೋಣಿಯವಳು


ಜನವರಿ 31

ದೋಣಿಯವಳಿಗೆ,

ನಿನ್ನ ಕಾಗದ ಡೀಸೆಲ್ ವಾಸನೆ ಹೊಡೆಯುತ್ತಿತ್ತು. ಅಕ್ಕ ಮೂಸಿ ನೋಡಿ, “ಇವಳನ್ನ ಮನೆ ತುಂಬಿಸ್ಕೊಳ್ಳೋ ಮುಂಚೆ ಎರಡು ದಿನ ಬಿಸಿಲಿಗೆ ಹಾಕ್ಬೇಕು ಕಣೋ” ಎಂದಳು. ನಾನು ಕಾಗದ ಕಿತ್ತುಕೊಂಡು ಜೇಬಿಗಿಟ್ಟೆ. ಖುಷಿಯಾಗಿದ್ದು ಮಾತ್ರ ನಿಜ.

ಅಂಗಡಿ ಚೆನ್ನಾಗಿ ನಡೆಯುತ್ತಿದೆ. ಅಕ್ಕ ಮುಂದೆ ಕೂತು ಫ್ರೇಮು ಮಾರುತ್ತಾಳೆ, ನಾನು ಒಳಗಿನ ಕತ್ತಲೆ ಕೋಣೆಯಲ್ಲಿ ಕಣ್ಣು ಪರೀಕ್ಷೆ ಮಾಡುತ್ತೇನೆ. ಮೊನ್ನೆ ಒಬ್ಬ ರಿಟೈರ್ಡ್ ಮೇಷ್ಟ್ರು ಬಂದಿದ್ದರು. ನಾನು ಗಾಜು ಬದಲಿಸಿ ಬದಲಿಸಿ “ಇದು ಚೆನ್ನಾಗಿ ಕಾಣುತ್ತಾ, ಇದಾ?” ಎಂದು ಕೇಳಿದರೆ ಅವರು ಪ್ರತಿ ಸಲವೂ “ನಿಮಗೇನನ್ಸುತ್ತೆ?” ಎಂದು ನನ್ನನ್ನೇ ಕೇಳಿದರು. ಅರ್ಧ ಗಂಟೆ ಹಾಗೇ ಹೋಯಿತು. ನನಗೆ ಕೆಲಸ ಕಲಿಸಿದ ಗುರುಗಳು ಇದರಲ್ಲಿ ಬಹಳ ಕಟ್ಟುನಿಟ್ಟು. ಎರಡು ಗಾಜನ್ನೂ ಒಂದೇ ದನಿಯಲ್ಲಿ ಕೇಳಬೇಕು, ದನಿ ಒಂದು ಚೂರು ಏರಿದರೂ ಜನ ತಮಗೆ ಕಂಡದ್ದನ್ನು ಬಿಟ್ಟು ನಮಗೆ ಬೇಕಾದದ್ದನ್ನು ಹೇಳಿಬಿಡುತ್ತಾರೆ ಎನ್ನುತ್ತಿದ್ದರು. ಅದಕ್ಕಾಗಿ ನನ್ನನ್ನು ಗೋಡೆಗೆ ಮುಖಮಾಡಿ ನಿಲ್ಲಿಸಿ ಅಭ್ಯಾಸ ಮಾಡಿಸುತ್ತಿದ್ದರು.

ಅಂಗಡಿ ಮೇಲಿನ ಮಹಡಿಯಲ್ಲಿದ್ದ ಹೊಲಿಗೆಯವರು ಖಾಲಿ ಮಾಡಿದರು. ಕೋಣೆಗೆ ಹೊಸದಾಗಿ ಬಣ್ಣ ಹೊಡೆಯಬೇಕಂತೆ, ಯಾವ ಬಣ್ಣ ಎಂದು ಮಾಲೀಕರು ನನ್ನನ್ನು ಕೇಳಿದರು. ನೀನಾಗಿದ್ದರೆ ಏನು ಹೇಳುತ್ತಿದ್ದೆ? ಸುಮ್ಮನೆ ಕೇಳಿದೆ.

ವರ್ಷ ಮುಗಿಯಲು ಇನ್ನೂ ಬೇಕಾದಷ್ಟು ದಿನವಿದೆ. ಎಂಜಿನಿಯರ್ ಹಾಸಿಗೆ ಬಿಟ್ಟುಕೊಟ್ಟಿದ್ದು ದೊಡ್ಡ ಗುಣ. ಅವರಿಗೆ ನನ್ನ ನಮಸ್ಕಾರ ತಿಳಿಸು.

ನಿನ್ನವನು


ಫೆಬ್ರವರಿ 26

ಹೂಂಗುಟ್ಟಪ್ಪ,

ಆ ಕೋಣೆಗೆ ಪೂರ್ವದ ಕಡೆ ಕಿಟಕಿ ಇದೆ ಅಲ್ಲವಾ? ಹೊಲಿಗೆಯವರ ಹತ್ತಿರ ಕುಪ್ಪಸದ ಅಳತೆ ಕೊಡಲು ಹೋದಾಗ ನೋಡಿದ್ದೇನೆ. ಹಾಗಾದರೆ ಬೆಣ್ಣೆ ಬಣ್ಣ. ಹಸಿರು ಹೊಡೆಸಿದರೆ ಆಸ್ಪತ್ರೆಯಂತಾಗುತ್ತದೆ, ನೀಲಿ ಹೊಡೆಸಿದರೆ ಬ್ಯಾಂಕು. ಕಿಟಕಿ ಕೆಳಗೆ ಉದ್ದಕ್ಕೆ ಒಂದು ಹಲಗೆ ಹಾಕಿಸಿದರೆ ಕೂತುಕೊಳ್ಳಲೂ ಆಗುತ್ತದೆ, ಪುಸ್ತಕ ಇಡಲೂ ಆಗುತ್ತದೆ. ಯಾರು ಬಾಡಿಗೆಗೆ ಬರುತ್ತಾರೋ ಅವರು ಪುಣ್ಯವಂತರು.

ಈಗ ಒಂದು ಸುದ್ದಿ. ಆಫೀಸಿನಿಂದ ಸುತ್ತೋಲೆ ಬಂದಿದೆ. ನಾವು ಅಳೆದು ತಂದದ್ದನ್ನು ನಕ್ಷೆ ಮಾಡುವ ವಿಭಾಗ ನಿಮ್ಮ ಊರಿನಲ್ಲೇ ಇದೆ, ನಿನ್ನ ಅಂಗಡಿಯಿಂದ ನಡೆದು ಹೋಗುವಷ್ಟು ದೂರ. ಅಲ್ಲಿ ಒಂದು ಜಾಗ ಖಾಲಿಯಾಗುತ್ತದಂತೆ. ಬೇಕಾದವರು ಜೂನ್ ಹತ್ತರೊಳಗೆ ಅರ್ಜಿ ಕೊಡಬೇಕು. ದಡ ಬೇಡ ಎನ್ನುವವರು ಇನ್ನೂ ಮೂರು ವರ್ಷ ದೋಣಿಯಲ್ಲೇ ಇರುತ್ತೇನೆ ಎಂದು ಸಹಿ ಹಾಕಬೇಕು.

ಎಂಜಿನಿಯರನ್ನು ಕೇಳಿದೆ. “ನೀನು ದಡದಲ್ಲಿ ಕೂರೋಳಲ್ಲ ಬಿಡು, ನಿನಗೆ ನೀರು ಹಿಡ್ಸಿದೆ” ಎಂದರು. ಅವರು ಸಾಯಂಕಾಲ ನನಗೆ ಚದುರಂಗ ಹೇಳಿಕೊಡುತ್ತಾರೆ, ಸೋತರೆ ಪಾತ್ರೆ ತೊಳೆಸುತ್ತಾರೆ. ಕೈಯೆಲ್ಲ ಸೋಪು ನನ್ನದು.

ನೀನು ಹೇಳು. ಏನು ಮಾಡಲಿ?

ನಿನ್ನ
ದೋಣಿಯವಳು


ಮಾರ್ಚ್ 18

ದೋಣಿಯವಳಿಗೆ,

ಬಣ್ಣದ ಮಾತು ಮಾಲೀಕರಿಗೆ ತಿಳಿಸಿದೆ. ಹಲಗೆಯದೂ ಹೇಳಿದೆ.

ಈ ವಾರ ಒಬ್ಬ ಹೆಂಗಸು ಬಂದಿದ್ದಳು, ಬಟ್ಟೆ ಗಿರಣಿಯಲ್ಲಿ ಕೆಲಸ. ಮೂವತ್ತು ವರ್ಷ ಮಸುಕಾಗಿಯೇ ನೋಡಿಕೊಂಡು ಬಂದಿದ್ದಾಳೆ, ಎಲ್ಲರಿಗೂ ಹೀಗೇ ಕಾಣುತ್ತದೆ ಎಂದುಕೊಂಡಿದ್ದಳಂತೆ. ಕನ್ನಡಕ ಹಾಕಿಕೊಂಡು ಬಾಗಿಲಿಗೆ ಹೋಗಿ ನಿಂತಳು. “ಆ ಮರದಲ್ಲಿ ಎಲೆ ಬೇರೆಬೇರೆ ಇದಾವಲ್ರೀ” ಎಂದಳು. ಅಕ್ಕ ಕಣ್ಣು ಒರೆಸಿಕೊಂಡಳು. ಇಂಥ ದಿನ ಅಂಗಡಿ ಮುಚ್ಚಿ ಮನೆಗೆ ನಡೆದುಕೊಂಡು ಹೋಗುವಾಗ ನನಗೆ ಇನ್ನೇನೂ ಬೇಡ ಅನಿಸುತ್ತದೆ.

ದಡದ ಕೆಲಸದ ಬಗ್ಗೆ ಬರೆದಿದ್ದೀಯ. ನಾನೇನು ಹೇಳಲಿ, ಅದು ನಿನ್ನ ಕೆಲಸ, ನಿನ್ನ ಜೀವನ. ನಿನಗೆ ಹೇಗೆ ಅನಿಸುತ್ತದೋ ಹಾಗೆ ಮಾಡು. ನಾನು ಯಾವತ್ತೂ ಅಡ್ಡ ಬರುವವನಲ್ಲ. ಎಂಜಿನಿಯರ್ ನಿನ್ನ ಜೊತೆಯಲ್ಲೇ ಇರುವವರು, ಹತ್ತಿರದಿಂದ ನೋಡಿದವರು, ಅವರಿಗೆ ಹೆಚ್ಚು ಗೊತ್ತಿರುತ್ತದೆ. ಇಷ್ಟು ಬೇಗ ಅವರು ಸಲಿಗೆಯಿಂದ ನೀನು ಎಂದೇ ಮಾತಾಡಿಸುವುದನ್ನು ನೋಡಿದರೆ ನೀನು ಚೆನ್ನಾಗಿ ಹೊಂದಿಕೊಂಡಿದ್ದೀಯ. ಒಳ್ಳೆಯದಾಯಿತು.

ನನಗೆ ಈಜು ಬರುವುದಿಲ್ಲ, ಚದುರಂಗವೂ ಬರುವುದಿಲ್ಲ. ಹೀಗೇ ನೆನಪಾಯಿತು.

ನಿನ್ನವನು


ಏಪ್ರಿಲ್ 10

ಇಲ್ಲಿ ಕೇಳು,

ಗಿರಣಿ ಹೆಂಗಸಿನ ಕಥೆ ಓದಿ ನನಗೂ ಅಳು ಬಂತು. ಎರಡು ಸಲ ಓದಿದೆ. ಆಮೇಲೆ ಕೆಳಗಿನದನ್ನು ಓದಿ ಕಾಗದ ಮಡಚಿಟ್ಟೆ.

ನೀನು ನನ್ನ ಹತ್ತಿರವೂ ಆ ಗಾಜು ಬದಲಿಸುವ ದನಿಯಲ್ಲೇ ಮಾತಾಡುತ್ತೀಯ. ನಾನು ನಿನ್ನ ಹತ್ತಿರ ಕಣ್ಣು ಪರೀಕ್ಷೆಗೆ ಬಂದಿಲ್ಲ. ಅಡ್ಡ ಬರುವುದಿಲ್ಲ ಎಂದು ಬರೆದಿದ್ದೀಯ. ಒಂದು ಸಲ ಅಡ್ಡ ಬಂದು ನೋಡು, ನನಗೇನೂ ಬೇಜಾರಿಲ್ಲ.

ಸಿಟ್ಟಿನಲ್ಲಿ ಬರೆಯುತ್ತಿಲ್ಲ. ಇಲ್ಲಿ ಸಮುದ್ರ ಈಗ ಶಾಂತವಾಗಿದೆ, ದಿನಕ್ಕೆ ಹದಿನಾಲ್ಕು ಸಾಲು ಅಳೆಯುತ್ತೇವೆ, ನನ್ನ ಕೆಲಸ ನನಗೆ ಇಷ್ಟ. ಹೋದ ವಾರ ಯಾವ ಹಳೆಯ ನಕ್ಷೆಯಲ್ಲೂ ಇಲ್ಲದ ಒಂದು ದಿಬ್ಬ ಸಿಕ್ಕಿತು. ನೀರಿನಡಿ ಅಷ್ಟು ದೊಡ್ಡದು ಸುಮ್ಮನೆ ಕೂತಿತ್ತು. ಎಲ್ಲರೂ ಕುಣಿದೆವು. ಹಾಗಾಗಿ ದಡ ಬೇಕೇ ಬೇಕು ಎಂದು ಗೋಳಿಡುತ್ತಿಲ್ಲ.

ಒಂದೇ ಪ್ರಶ್ನೆ. ನಾನು ದಡಕ್ಕೆ ಬಂದರೆ ನಿನಗೆ ಖುಷಿಯಾಗುತ್ತದಾ, ಇಲ್ಲವಾ? ಹೌದು ಅಥವಾ ಇಲ್ಲ, ಎರಡರಲ್ಲಿ ಒಂದು ಬರೆ. ಜೂನ್ ಹತ್ತು ನೆನಪಿರಲಿ.

ದೋಣಿಯವಳು


ಮೇ 6

ದೋಣಿಯವಳಿಗೆ,

ಈ ಕಾಗದವನ್ನು ನಾಲ್ಕು ಸಲ ಬರೆದು ಹರಿದೆ. ಅಕ್ಕ “ಅದೇನ್ ಪರೀಕ್ಷೆ ಬರೀತಿದ್ದೀಯೋ” ಎಂದು ಬೈದಳು.

ನಿನ್ನ ಖುಷಿಯೇ ನನ್ನ ಖುಷಿ. ಇದಕ್ಕಿಂತ ಬೇರೆ ನಾನು ಹೇಗೆ ಹೇಳಲಿ? ನಿನ್ನ ಪ್ರತಿ ಕಾಗದದಲ್ಲೂ ನೀನು ನಗುತ್ತಿರುತ್ತೀಯ. ಕುಣಿದೆವು ಎಂದು ಬರೆದಿದ್ದೀಯ. ನಾನು ಬಾ ಎಂದು ಕರೆದು, ನೀನು ಬಂದು, ಆಮೇಲೆ ಬಸ್ ನಿಲ್ದಾಣದ ಎದುರಿನ ನಮ್ಮ ಅಂಗಡಿಯಲ್ಲಿ ಕೂತು ಆ ದಿಬ್ಬವನ್ನು ನೆನೆಸಿಕೊಳ್ಳುವ ಹಾಗೆ ಆಗಬಾರದು. ನಿನ್ನನ್ನು ಹಿಡಿದುಕೊಂಡೆ ಎಂದು ನೀನಾಗಲೀ ಬೇರೆ ಯಾರಾಗಲೀ ಅನ್ನಬಾರದು.

ನಾನು ಇಲ್ಲಿ ಆರಾಮಾಗಿದ್ದೇನೆ. ನನ್ನ ಬಗ್ಗೆ ಯೋಚನೆ ಮಾಡಬೇಡ. ನೀನು ಯಾವುದನ್ನು ಆರಿಸಿದರೂ ನಾನು ಸಂತೋಷವಾಗಿ ಒಪ್ಪುತ್ತೇನೆ.

ನಿನ್ನವನು


ಜೂನ್ 11

ನಮಸ್ಕಾರ,

ನಿನ್ನೆ ಕೊನೆಯ ದಿನವಿತ್ತು. ಇನ್ನೂ ಮೂರು ವರ್ಷ ದೋಣಿಗೆ ಎಂದು ಸಹಿ ಹಾಕಿ ಕೊಟ್ಟೆ. ಸಂತೋಷವಾಗಿ ಒಪ್ಪುತ್ತೇನೆ ಎಂದು ನೀನೇ ಬರೆದಿದ್ದೆ, ಒಪ್ಪಿಕೋ.

ಒಂದು ಉಪಕಾರವಾಗಬೇಕು. ನಮ್ಮ ಎಂಜಿನಿಯರ್ ಕನ್ನಡಕ ಎಂಜಿನ್ ಮೇಲೆ ಬಿದ್ದು ಪುಡಿಯಾಯಿತು. ಅವರಿಗೆ ಸಣ್ಣ ಸ್ಕ್ರೂ ಕಾಣುವುದಿಲ್ಲ, ಚದುರಂಗದಲ್ಲಿ ನನ್ನ ಕುದುರೆಯನ್ನು ತಮ್ಮದೆಂದು ನಡೆಸುತ್ತಿದ್ದಾರೆ. ಹಳೆಯ ಚೀಟಿಯಲ್ಲಿ ಎರಡು ಕಣ್ಣಿಗೂ ಪ್ಲಸ್ ಎರಡೂವರೆ ಎಂದಿದೆ, ಓದುವುದಕ್ಕೆ ಮಾತ್ರ. ದೂರದ್ದು ಸರಿಯಾಗಿ ಕಾಣುತ್ತದಂತೆ. ಗಟ್ಟಿ ಫ್ರೇಮು ಹಾಕಿ ಕಳಿಸು.

ಅಕ್ಕನಿಗೆ ಕೇಳಿದೆ ಎಂದು ಹೇಳು.

ದೋಣಿಯವಳು


ಜುಲೈ 2

ದೋಣಿಯವಳೇ,

ಕನ್ನಡಕ ಇದರ ಜೊತೆಯಲ್ಲಿದೆ. ಎರಡು ಕಳಿಸಿದ್ದೇನೆ, ಒಂದು ಒಡೆದರೆ ಇನ್ನೊಂದಿರಲಿ.

ದೂರದ ನೋಟ ಸರಿಯಿದ್ದು ಓದಲು ಎರಡೂವರೆ ಬೇಕೆಂದರೆ ವಯಸ್ಸು ಅರವತ್ತರ ಆಸುಪಾಸು. ಇದನ್ನು ನನಗೆ ಯಾರೂ ಹೇಳಿಕೊಡಬೇಕಾಗಿಲ್ಲ, ಚೀಟಿ ನೋಡಿ ಜನರ ವಯಸ್ಸು ಹೇಳುವವನು ನಾನು. ಆರು ತಿಂಗಳಿಂದ ನಾನು ಅವರನ್ನು ಮೂವತ್ತೈದು ವರ್ಷದ, ಅಗಲ ಭುಜದ, ಈಜು ಬಲ್ಲ ಒಬ್ಬ ಮನುಷ್ಯ ಎಂದುಕೊಂಡಿದ್ದೆ. ನೀನು ಅವರ ಬಗ್ಗೆ ಬರೆದಾಗಲೆಲ್ಲ, ಕಾಗದವನ್ನು ಎರಡನೆಯ ಸಲ ಓದುವಾಗ ಆ ಭಾಗವನ್ನು ಬೆರಳಿನಿಂದ ಮುಚ್ಚಿಕೊಳ್ಳುತ್ತಿದ್ದೆ. ವಯಸ್ಸೆಷ್ಟು ಎಂದು ಕೇಳಿದರೆ ನನ್ನ ಹೊಟ್ಟೆಕಿಚ್ಚು ನಿನಗೆ ಗೊತ್ತಾಗುತ್ತದೆ ಎಂದು ಕೇಳಲಿಲ್ಲ. ಅಕ್ಕನಿಗೆ ಹೇಳಿದೆ. “ಇಷ್ಟು ದಿನ ಒಬ್ಬ ತಾತನ ಮೇಲೆ ಉರ್ಕೊಂಡಿದ್ಯೇನೋ” ಎಂದು ಗಲ್ಲಾದ ಮೇಲೆ ತಲೆಯಿಟ್ಟು ನಕ್ಕಳು. ಆಮೇಲೆ, ಮೊದಲೇ ಕೇಳಬಾರದಿತ್ತೇನೋ ಎಂದು ಸಂಜೆಯವರೆಗೂ ಬೈದಳು.

ಇನ್ನೊಂದನ್ನೂ ಹೇಳಿಬಿಡುತ್ತೇನೆ. ಮಹಡಿ ಕೋಣೆಯನ್ನು ಜನವರಿಯಲ್ಲೇ ನಾನು ಬಾಡಿಗೆಗೆ ಹಿಡಿದಿದ್ದೇನೆ. ನಮ್ಮಿಬ್ಬರಿಗೆಂದು. ಮಾಲೀಕರು ಬಣ್ಣದ ವಿಷಯ ಏನೂ ಕೇಳಿರಲಿಲ್ಲ. ಬೆಣ್ಣೆ ಬಣ್ಣ ಎಂದು ನೀನು ಬರೆದ ಮೇಲೆ ಎರಡು ಭಾನುವಾರ ಕೂತು ನಾನೇ ಹೊಡೆದೆ. ಹಲಗೆ ಬಡಗಿಯಿಂದ ಹಾಕಿಸಿದೆ. ಬೆಳಿಗ್ಗೆ ಅಂಗಡಿ ತೆರೆಯುವ ಮುಂಚೆ ಹೋಗಿ ಅದರ ಮೇಲೆ ಕೂತು ಕಾಫಿ ಕುಡಿಯುತ್ತೇನೆ. ಅಷ್ಟರಲ್ಲೇ ನನಗೆ ತೃಪ್ತಿಯಾಗಿಬಿಡುತ್ತಿತ್ತು, ನಾಚಿಕೆಯಿಲ್ಲದೆ ಹೇಳುತ್ತೇನೆ.

ನಿನಗೆ ತಿಳಿಸಿದರೆ ದಾಕ್ಷಿಣ್ಯಕ್ಕೆ ಬಂದುಬಿಡುತ್ತೀಯ ಎಂದು ಹೇಳಲಿಲ್ಲ. ಇದು ಅರ್ಧ ನಿಜ. ಕೋಣೆ ಇದೆ, ಬಾ ಎಂದ ಮೇಲೂ ನೀನು ಬರದಿದ್ದರೆ ಏನು ಮಾಡುವುದು ಎಂಬ ಹೆದರಿಕೆ ಉಳಿದರ್ಧ.

ಈಗ ಹೇಳುತ್ತಿದ್ದೇನೆ. ನನಗೆ ನೀನು ಬೇಕು. ಆ ಸಹಿಯನ್ನು ವಾಪಸ್ ತೆಗೆದುಕೊಳ್ಳಲು ಆಗುವುದಾದರೆ ತೆಗೆದುಕೊಂಡು ಬಾ.

ನಿನ್ನವನು


ಆಗಸ್ಟ್ 20

ನಿನಗೆ,

ತಡವಾಗಿ ಬರೆಯುತ್ತಿದ್ದೇನೆ, ಕ್ಷಮಿಸು.

ಕನ್ನಡಕ ಹಾಕಿಕೊಂಡು ಎಂಜಿನಿಯರ್ ಮೊದಲು ನನ್ನ ಮುಖ ನೋಡಿದರು. “ಪರವಾಗಿಲ್ಲ, ನೋಡೋ ಹಾಗಿದ್ದೀಯ” ಎಂದರು. ನಿನ್ನ ಹೊಟ್ಟೆಕಿಚ್ಚಿನ ವಿಷಯ ಹೇಳಿದೆ. ಅವರಿಗಾದ ಸಂತೋಷ ಅಷ್ಟಿಷ್ಟಲ್ಲ. ಮೊಮ್ಮಗಳಿಗೆ ಬರೆದು ತಿಳಿಸಿದ್ದಾರೆ.

ಸಹಿ ವಾಪಸ್ ತೆಗೆದುಕೊಳ್ಳಬಹುದಾ ಎಂದು ಆಫೀಸಿಗೆ ಬರೆದು ಕೇಳಿದೆ. ಆಗುತ್ತದಂತೆ, ಈ ತಿಂಗಳ ಕೊನೆಯವರೆಗೆ ಸಮಯ ಕೊಟ್ಟಿದ್ದಾರೆ. ಆದರೆ ನಾನು ತೆಗೆದುಕೊಳ್ಳುವುದಿಲ್ಲ.

ಯಾಕೆಂದು ಸರಿಯಾಗಿ ಹೇಳಬೇಕು. ಮೊದಲೆಲ್ಲ ಸಾಮಾನು ದೋಣಿ ಬರುವ ದಿನ ಬುಟ್ಟಿ ಮೇಲೆ ಬರುವ ಮುಂಚೆಯೇ ನಾನು ದೋಣಿಯಂಚಿನ ಕಂಬಿಗೆ ಆತುಕೊಂಡು ಕೈ ಚಾಚುತ್ತಿದ್ದೆ, ಬೈಸಿಕೊಳ್ಳುತ್ತಿದ್ದೆ. ನಿನ್ನ ಜುಲೈ ಕಾಗದ ಬಂದ ದಿನ ನಾವು ಒಂದು ಸಾಲಿನ ಮಧ್ಯದಲ್ಲಿದ್ದೆವು. ಸಾಲು ಮುಗಿಯಲಿ ಎಂದು ಪಕ್ಕಕ್ಕಿಟ್ಟೆ. ಊಟ ಮಾಡಿದೆ. ಆಮೇಲೆ ಒಡೆದೆ. ಓದಿ ಅತ್ತೆ, ಅದು ಸುಳ್ಳಲ್ಲ. ಬೆಣ್ಣೆ ಬಣ್ಣದ ಹತ್ತಿರ ಬಂದಾಗ ಜೋರಾಗಿಯೇ ಅತ್ತೆ. ಆದರೆ ಅತ್ತು ಮುಗಿದ ಮೇಲೆ ಎದ್ದು ಕೆಲಸಕ್ಕೆ ಹೋದೆ, ಮತ್ತು ಕೆಲಸ ನನಗೆ ಹಿಡಿಸಿತು. ಮಾರ್ಚಿನಿಂದ ಜೂನ್ ಹತ್ತರವರೆಗೆ ನಾನು ನಿನ್ನ ಒಂದು ಮಾತಿಗೆ ಎಷ್ಟು ಕಾದೆನೆಂದರೆ, ಕಾಯುವುದು ಮುಗಿದ ಮೇಲೆ ಮೈ ಹಗುರವಾಯಿತು. ಮತ್ತೆ ಅಲ್ಲಿಗೆ ಹೋಗಲು ಮನಸ್ಸಿಲ್ಲ.

ನೀನು ಕೆಟ್ಟವನಲ್ಲ. ನಿನ್ನಷ್ಟು ಒಳ್ಳೆಯವನನ್ನು ನಾನು ನೋಡಿಲ್ಲ. ಆದರೆ ಎಲ್ಲವನ್ನೂ ನಾನೇ ಕೇಳಿ, ನಾನೇ ತೀರ್ಮಾನಿಸಿ, ತಪ್ಪಾದರೆ ತಪ್ಪೂ ನನ್ನದೇ ಎನ್ನುವ ಮನೆಯಲ್ಲಿ ನನಗೆ ಬೇಗ ವಯಸ್ಸಾಗುತ್ತದೆ.

ದೋಣಿಯವಳು


ಸೆಪ್ಟೆಂಬರ್ 12

ದೋಣಿಯವಳಿಗೆ,

ಕಾಗದ ಓದಿ ಮಹಡಿಗೆ ಹೋಗಿ ಬಾಗಿಲು ಹಾಕಿಕೊಂಡೆ. ಅಕ್ಕ ಎರಡು ಸಲ ಬಂದು ಬಾಗಿಲು ತಟ್ಟಿ, ಮೂರನೆಯ ಸಲ ಊಟದ ಡಬ್ಬಿ ಹೊರಗಿಟ್ಟು ಹೋದಳು. ಊಟ ಮಾಡಿದೆ. ಹಸಿವಾಗಿತ್ತು.

ಎದೆ ಒಡೆದುಹೋಯಿತು ಎಂದು ಬರೆಯಬಹುದು, ಆದರೆ ನಿನಗೆ ಇನ್ನು ಸುಳ್ಳು ಬರೆಯುವುದಿಲ್ಲ. ನೋವಾಯಿತು, ಈಗಲೂ ಆಗುತ್ತಿದೆ. ಅದರ ಪಕ್ಕದಲ್ಲೇ ಒಂದು ನೆಮ್ಮದಿಯೂ ಇದೆ. ನಾಲ್ಕು ವರ್ಷ ದಿನಾ ಬೆಳಿಗ್ಗೆ ಎದ್ದಾಗ ಇವತ್ತು ಇವಳು ನನ್ನನ್ನು ಬಿಡುತ್ತಾಳೆ ಎಂದೇ ಎದ್ದಿದ್ದೇನೆ. ನೀನು ಪಕ್ಕದಲ್ಲಿದ್ದಾಗಲೂ ಹಾಗೇ. ಈಗ ಆ ಹೆದರಿಕೆ ಇಲ್ಲ. ಅದಿಲ್ಲದೆ ಕಾಫಿ ರುಚಿಯಾಗಿರುತ್ತದೆ ಎಂದು ಗೊತ್ತಾಗಲು ನೀನು ಹೋಗಬೇಕಾಯಿತು.

ಕೋಣೆಯನ್ನು ಬಿಡಲಿಲ್ಲ. ನಾನೇ ಅಲ್ಲಿಗೆ ಬಂದಿದ್ದೇನೆ. ಅಕ್ಕ ಒಂದು ಸೋಫಾ ತರುತ್ತೇನೆ ಎಂದಳು, ನೀಲಿ. ಬೇಡ ಎಂದೆ. “ಏನಂದೆ?” ಎಂದು ಕೇಳಿದಳು. ಬೇಡ ಎಂದು ಇನ್ನೊಂದು ಸಲ ಹೇಳಿದೆ. ಅವಳು ನನ್ನ ಹಣೆ ಮುಟ್ಟಿ ನೋಡಿದಳು.

ಒಂದು ಸಿಟ್ಟು ಇದೆ, ಹೇಳುತ್ತೇನೆ. ನೀನು ಎಲ್ಲ ಕಾಗದದಲ್ಲೂ ನನ್ನನ್ನು ಕೇಳಿದೆ. ನಾನು ಉತ್ತರ ಕೊಡಲಿಲ್ಲ, ನನ್ನ ತಪ್ಪು. ಆದರೆ ನಿನಗೆ ಏನು ಬೇಕು ಎಂದು ನೀನೂ ಎಲ್ಲಿಯೂ ಬರೆದಿಲ್ಲ. ನಿನ್ನ ಕಾಗದಗಳನ್ನೆಲ್ಲ ಇವತ್ತು ಮತ್ತೆ ಓದಿ ನೋಡಿದೆ. ಹಾಗಾಗಿ ನಾನು ಯಾವತ್ತೋ ಕೇಳಬೇಕಾಗಿದ್ದನ್ನು ಈಗ ಕೇಳುತ್ತೇನೆ. ಇದರಿಂದ ಏನೂ ಬದಲಾಗಬೇಕಾಗಿಲ್ಲ. ದೋಣಿಗೆ ಸಹಿ ಹಾಕುವ ಮುಂಚೆ ಯಾವತ್ತಾದರೂ ದಡದ ಕೆಲಸಕ್ಕೆ ನೀನು ಅರ್ಜಿ ತುಂಬಿದ್ದೆಯಾ?

ನಿನ್ನ
ಹೂಂಗುಟ್ಟಪ್ಪ


ಅಕ್ಟೋಬರ್ 15

ಹೂಂಗುಟ್ಟಪ್ಪ,

ಇದಕ್ಕೆ ಉತ್ತರ ಬರೆಯಲು ಎರಡು ಸಾಮಾನು ದೋಣಿಗಳನ್ನು ಸುಮ್ಮನೆ ಕಳಿಸಿದೆ. ಈಗ ಮೂರನೆಯದು ಬಂದು ನಿಂತಿದೆ, ಮೊಟ್ಟೆ ಇಳಿಸುವಷ್ಟರಲ್ಲಿ ಬರೆದು ಕೊಡಬೇಕು.

ನಾನು ಚೆನ್ನಾಗಿದ್ದೇನೆ. ಮುಂದಿನ ತಿಂಗಳಿನಿಂದ ಅಳತೆಯ ತಂಡ ನನ್ನ ಕೈಕೆಳಗೆ ಬರುತ್ತದೆ. ಎಂಜಿನಿಯರ್ ಇನ್ನು ಪಾತ್ರೆ ತೊಳೆಸುವುದಿಲ್ಲವಂತೆ, ಮರ್ಯಾದೆ ಕೊಡುತ್ತಾರಂತೆ. ನೀನು ಬೇಡ ಎಂದಿದ್ದನ್ನು ಓದಿ ಖುಷಿಪಟ್ಟೆ, ಹಣೆ ಮುಟ್ಟಿ ನೋಡಿದ ಅಕ್ಕನನ್ನು ನೆನೆಸಿಕೊಂಡು ನಕ್ಕೆ. ನಿನ್ನ ನೆನಪಾಗುವುದಿಲ್ಲ ಎಂದೇನೂ ಇಲ್ಲ. ಅದು ಇದ್ದುಕೊಂಡೇ ದಿನ ಚೆನ್ನಾಗಿ ಹೋಗುತ್ತದೆ.

ನಿನ್ನ ಪ್ರಶ್ನೆಗೆ ಉತ್ತರ ಹೌದು. ತುಂಬಿದ್ದೆ. ಫೆಬ್ರವರಿಯಲ್ಲಿ, ಸುತ್ತೋಲೆ ಬಂದ ದಿನವೇ, ನಿನ್ನನ್ನು ಕೇಳುವ ಮುಂಚೆಯೇ. ದಡ ಎನ್ನುವ ಕಡೆ ಗುರುತು ಹಾಕಿ, ಸಹಿ ಮಾಡಿ, ಹಾಸಿಗೆಯ ಕೆಳಗಿಟ್ಟು, ಆಮೇಲೆ ನಿನಗೆ ಏನು ಮಾಡಲಿ ಎಂದು ಬರೆದೆ. ಏಪ್ರಿಲ್‌ನಲ್ಲಿ ದಡ ಬೇಕೇ ಬೇಕು ಎಂದು ಗೋಳಿಡುತ್ತಿಲ್ಲ ಎಂದು ಬರೆಯುವಾಗಲೂ ಅದರ ಮೇಲೇ ಕೂತಿದ್ದೆ. ನೀನು ಕರೆದೆ, ನಾನು ಬಂದೆ ಎಂದಾಗಬೇಕಿತ್ತು ನನಗೆ. ನಾನಾಗಿ ಬಂದು, ನಿನ್ನ ಮುಖದಲ್ಲಿ ಯಾಕೆ ಬಂದಳೋ ಎನ್ನುವುದು ಕಂಡರೆ ಎಂಬ ಭಯ. ಬಂದರಿನಲ್ಲಿ ನೀನು ಜಿಪ್ಪು ಸರಿಮಾಡಿದೆಯಲ್ಲ, ಆವತ್ತೇ ಹುಟ್ಟಿದ ಭಯ ಅದು. ನಿನ್ನನ್ನು ಪುಕ್ಕಲ ಎಂದು ಮನಸ್ಸಿನಲ್ಲಿ ಬೈದುಕೊಂಡೇ ನಾನೂ ಅದೇ ಕೆಲಸ ಮಾಡುತ್ತಿದ್ದೆ. ನಿನ್ನದು ಮೌನ, ನನ್ನದು ಪ್ರಶ್ನೆ, ಅಷ್ಟೇ.

ಆ ಅರ್ಜಿಯನ್ನು ಜೂನ್ ಹತ್ತರ ಬೆಳಿಗ್ಗೆ ಹರಿದು ನೀರಿಗೆ ಹಾಕಿದೆ.

ಬುಟ್ಟಿ ಕೆಳಗಿಳಿಸುತ್ತಿದ್ದಾರೆ. ಬರುತ್ತಿದ್ದೇನೆ, ಜಾಗ ಮಾಡಿಡು ಎಂದು ಫೆಬ್ರವರಿಯಲ್ಲಿ ನಾನು ಒಂದು ಸಾಲು ಬರೆದಿದ್ದರೆ ಸಾಕಾಗಿತ್ತು. ನೀನು ಆಗಲೇ ಮಾಡಿಟ್ಟಿದ್ದೆ.

ದೋಣಿಯವಳು